ಕೊಳಗದ ನ್ಯಾಯ ಕೇಳಿ ವಿಧಾನಸಭೆಗೆ ಹೋದವರು: ಶಾಂತವೇರಿ ಗೋಪಾಲಗೌಡರ ಕಥೆ

ಸಾಗರ: ಅಂಗಡಿ ನಡೆಸುವವರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ. ತಕ್ಕಡಿ ಇರಲಿ, ತೂಕದ ಬಟ್ಟು ಇರಲಿ, ಎಣ್ಣೆ ಅಳೆಯೋ ಲೀಟರ್ ಇರಲಿ, ಎಲ್ಲದಕ್ಕೂ ಸರ್ಕಾರದ ಮುದ್ರೆ ಬೀಳಬೇಕು. ಮುದ್ರೆ ಇಲ್ಲದಿದ್ದರೆ ದಂಡ ಕಟ್ಟಬೇಕು. ಗಿರಾಕಿಗೂ ಧೈರ್ಯ, ವ್ಯಾಪಾರಿಗೂ ಮರ್ಯಾದೆ. ಅಳತೆ ಒಬ್ಬರ ಕೈಯಲ್ಲಿ ಹಿಗ್ಗಿ ಇನ್ನೊಬ್ಬರ ಕೈಯಲ್ಲಿ ಕುಗ್ಗಬಾರದು, ಅಷ್ಟೇ ವಿಷಯ.

ಎಪ್ಪತ್ತು ವರ್ಷಕ್ಕೂ ಹಿಂದೆ ನಮ್ಮ ಇದೇ ತಾಲ್ಲೂಕಿನಲ್ಲಿ ಇಷ್ಟು ಕೇಳಿದ್ದಕ್ಕೆ ಜನ ಜೈಲಿಗೆ ಹೋದರು. ಅವರ ಜೊತೆ ಜೈಲಿಗೆ ಹೋದ ಒಬ್ಬ ಯುವಕ ಮರುವರ್ಷ ಚುನಾವಣೆಗೆ ನಿಂತರು. ಕೈಯಲ್ಲಿ ಕಾಸಿಲ್ಲ, ಹಿಂದೆ ದೊಡ್ಡ ಮನೆತನ ಇಲ್ಲ. ಆದರೂ ಗೆದ್ದರು. ಅವರೇ ಶಾಂತವೇರಿ ಗೋಪಾಲಗೌಡರು. ಹೆಸರು ಎಲ್ಲರಿಗೂ ಗೊತ್ತು. ಅವರು ಓಟು ಕೇಳಿದ್ದು ಯಾವ ವಿಷಯದ ಮೇಲೆ ಅನ್ನೋದು ಈಗಿನ ಹುಡುಗರಿಗೆ ಅಷ್ಟಾಗಿ ಗೊತ್ತಿಲ್ಲ.

ಆರಗದ ಹುಡುಗ, ಶಿವಮೊಗ್ಗದ ಜೈಲು

ಗೋಪಾಲಗೌಡರು ಹುಟ್ಟಿದ್ದು 1923ರ ಮಾರ್ಚ್ 14ರಂದು. ತೀರ್ಥಹಳ್ಳಿ ತಾಲ್ಲೂಕಿನ ಆರಗದ ಹತ್ತಿರ ಇರೋ ಶಾಂತವೇರಿ ಅವರ ಊರು. ಬಡ ಕುಟುಂಬ. ಓದಿಗಾಗಿ ಶಿವಮೊಗ್ಗಕ್ಕೆ ಬಂದರು. ಅಷ್ಟರಲ್ಲಿ 1942 ಬಂತು. ಕ್ವಿಟ್ ಇಂಡಿಯಾ ಚಳವಳಿ ಶುರುವಾದಾಗ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಚಳವಳಿಗೆ ಇಳಿದು ಜೈಲು ಸೇರಿದರು.

ಸ್ವಾತಂತ್ರ್ಯ ಬಂದ ಮೇಲೆ ಜೈಲಿಗೆ ಹೋಗಿ ಬಂದವರಲ್ಲಿ ಬಹಳ ಜನ ಕಾಂಗ್ರೆಸ್ಸಿನಲ್ಲೇ ಉಳಿದರು. ಗೌಡರು ಸಮಾಜವಾದಿ ಪಕ್ಷದ ಕಡೆ ಹೋದರು. ಅಧಿಕಾರ ಸಿಗೋ ದಾರಿ ಅದಲ್ಲ ಅಂತ ಅವರಿಗೂ ಗೊತ್ತಿತ್ತು. ರಾಮಮನೋಹರ ಲೋಹಿಯಾ ಅವರ ವಿಚಾರ ಗೌಡರಿಗೆ ಹಿಡಿಸಿತ್ತು. ದೇಶಕ್ಕೆ ಬಂದ ಸ್ವಾತಂತ್ರ್ಯ ಗೇಣಿ ರೈತನ ಮನೆ ಬಾಗಿಲಿಗೆ ಇನ್ನೂ ಬಂದಿಲ್ಲ ಅನ್ನೋದು ಅವರ ಕಣ್ಣೆದುರಿಗೇ ಇತ್ತು.

ಕಾಗೋಡಿನಲ್ಲಿ ಆಗಿದ್ದೇನು?

ಆಗ ಮಲೆನಾಡಿನ ಗದ್ದೆಗಳಲ್ಲಿ ಉಳುವವರು ಒಬ್ಬರು, ಒಡೆಯರು ಇನ್ನೊಬ್ಬರು. ಸುಗ್ಗಿ ಮುಗಿದ ಮೇಲೆ ಗೇಣಿದಾರ ಭತ್ತ ತಂದು ಒಡೆಯರ ಅಂಗಳದಲ್ಲಿ ಅಳೆದು ಕೊಡಬೇಕು. ಅಳೆಯೋದು ಕೊಳಗದಲ್ಲಿ. ಸರ್ಕಾರ ಒಪ್ಪಿದ ಕೊಳಗಕ್ಕೆ 3 ಸೇರು. ಒಡೆಯರ ಮನೆಯಲ್ಲಿದ್ದ ಕೊಳಗ ಅದಕ್ಕಿಂತ ದೊಡ್ಡದು. ಹೆಸರು ಒಂದೇ, ಹೊಟ್ಟೆ ಮಾತ್ರ ಬೇರೆ.

ಲೆಕ್ಕಕ್ಕೆ ಅಂತ ಇಟ್ಟುಕೊಳ್ಳಿ. ಒಂದು ಕೊಳಗಕ್ಕೆ ಅರ್ಧ ಸೇರು ಹೆಚ್ಚು ಹೋದರೆ 100 ಕೊಳಗ ಗೇಣಿ ಅಳೆಯೋ ಹೊತ್ತಿಗೆ 50 ಸೇರು ಭತ್ತ ಪುಕ್ಕಟೆ ಹೋಯ್ತು. ಅದು ಒಂದು ಸಂಸಾರದ ಎಷ್ಟು ದಿನದ ಗಂಜಿ ಅಂತ ನೀವೇ ಯೋಚಿಸಿ. ಮೇಲಾಗಿ ಕೊಟ್ಟ ಗೇಣಿಗೆ ರಸೀತಿ ಇಲ್ಲ. ರಸೀತಿ ಇಲ್ಲ ಅಂದಮೇಲೆ ಈ ಗದ್ದೆ ಉಳುತ್ತಿರೋದು ನಾನೇ ಅನ್ನೋದಕ್ಕೂ ಸಾಕ್ಷಿ ಇಲ್ಲ. ಇದರ ಜೊತೆಗೆ ಒಡೆಯರ ಮನೆಯ ಬಿಟ್ಟಿ ಕೆಲಸ ಬೇರೆ. ಎದುರು ಮಾತಾಡಿದರೆ ಗದ್ದೆ ಬಿಡಬೇಕು.

ಕಾಗೋಡಿನ ಗೇಣಿದಾರರಲ್ಲಿ ಹೆಚ್ಚಿನವರು ದೀವರು. ಎಚ್. ಗಣಪತಿಯಪ್ಪನವರು ಇವರನ್ನೆಲ್ಲ ಸೇರಿಸಿ ರೈತ ಸಂಘ ಕಟ್ಟಿದರು. ಸಂಘದ ಬೇಡಿಕೆ ದೊಡ್ಡದೇನಲ್ಲ. 3 ಸೇರಿನ ಕೊಳಗದಲ್ಲೇ ಅಳೆಯಿರಿ, ಕೊಟ್ಟಿದ್ದಕ್ಕೆ ರಸೀತಿ ಕೊಡಿ. ಒಡೆಯರ ಕಡೆಯಿಂದ ಬಂದ ಉತ್ತರ, ಹಾಗಾದರೆ ಗದ್ದೆ ಬಿಡಿ ಅನ್ನೋದು.

1951ರ ಏಪ್ರಿಲ್ 18ರಂದು ಸತ್ಯಾಗ್ರಹ ಶುರುವಾಯ್ತು. ತಂಡ ತಂಡವಾಗಿ ರೈತರು ನೇಗಿಲು ಹಿಡಿದು ಗದ್ದೆಗೆ ಇಳಿದರು. ಇಳಿದವರನ್ನು ಪೊಲೀಸರು ಹಿಡಿದರು, ಮರುದಿನ ಇನ್ನೊಂದು ತಂಡ ಇಳಿಯಿತು. ಲಾಠಿ ಏಟು, ದಸ್ತಗಿರಿ, ಜೈಲು. ಗಂಡಸರು ಜೈಲಿನಲ್ಲಿ, ಹೆಂಗಸರು ಮಕ್ಕಳು ಊರಿನಲ್ಲಿ. ಸಮಾಜವಾದಿ ಪಕ್ಷ ಬೆನ್ನಿಗೆ ನಿಂತಿತು. ಗೋಪಾಲಗೌಡರು ಹೋರಾಟದ ಮುಂಚೂಣಿಗೆ ಬಂದರು, ಬಂಧನಕ್ಕೂ ಒಳಗಾದರು. ಜೂನ್ ತಿಂಗಳಲ್ಲಿ ಲೋಹಿಯಾ ಅವರೇ ಬಂದರು. ಅವರನ್ನೂ ಬಂಧಿಸಿದರು. ಆವತ್ತಿನಿಂದ ಕಾಗೋಡು ಅನ್ನೋ ಹೆಸರು ದೇಶಕ್ಕೆಲ್ಲ ಕೇಳಿಸಿತು.

ಗೌಡರು ತೀರ್ಥಹಳ್ಳಿ ಕಡೆಯವರು. ಒಕ್ಕಲಿಗರು. ಕಾಗೋಡಿನಲ್ಲಿ ಅವರಿಗೆ ಗದ್ದೆ ಇರಲಿಲ್ಲ, ನೆಂಟರಿಷ್ಟರ ಜಗಳವೂ ಇರಲಿಲ್ಲ. ಆ ಕೊಳಗದಿಂದ ಅವರ ಮನೆಗೆ ಒಂದು ಪಾವು ಲಾಭವೂ ಇಲ್ಲ, ನಷ್ಟವೂ ಇಲ್ಲ. ಆದರೂ ಬಂದರು. ಜನ ಮುಂದೆ ನೆನಪಿಟ್ಟುಕೊಂಡಿದ್ದು ಇದನ್ನೇ.

ಓಟಿನ ಜೊತೆ ನೋಟನ್ನೂ ಕೇಳಿದರು

ಹೋರಾಟದ ಬಿಸಿ ಇನ್ನೂ ಆರಿರಲಿಲ್ಲ, ಮೊದಲನೇ ಮಹಾಚುನಾವಣೆ ಬಂತು. 1952. ವಯಸ್ಸಿಗೆ ಬಂದವರಿಗೆಲ್ಲ ಓಟು ಅನ್ನೋದು ಆಗ ಹೊಸ ಸಂಗತಿ. ಗೋಪಾಲಗೌಡರು ಸಾಗರ-ಹೊಸನಗರ ಕ್ಷೇತ್ರದಿಂದ ಸಮಾಜವಾದಿ ಪಕ್ಷದ ಅಭ್ಯರ್ಥಿ. ಎದುರಿಗೆ ಕಾಂಗ್ರೆಸ್ಸಿನ ಎ.ಆರ್. ಬದರಿನಾರಾಯಣ್. ಹೆಸರು, ಹಣ, ಸಂಪರ್ಕ ಎಲ್ಲದರಲ್ಲೂ ಗಟ್ಟಿ ಆಸಾಮಿ. ಗೌಡರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ.

ಪ್ರಚಾರಕ್ಕೆ ದುಡ್ಡಿಲ್ಲ. ಹಾಗಾಗಿ ಜನರ ಹತ್ತಿರ ಓಟನ್ನೂ ಕೇಳಿದರು, ಅದರ ಜೊತೆಗೆ ಒಂದು ನೋಟನ್ನೂ ಕೇಳಿದರು. ಈಗ ಕೇಳಿದರೆ ನಗು ಬರಬಹುದು. ಚುನಾವಣೆ ಬಂತು ಅಂದರೆ ದುಡ್ಡು ಯಾವ ಕಡೆಯಿಂದ ಯಾವ ಕಡೆಗೆ ಹರಿಯುತ್ತೆ ಅಂತ ನಮಗೆಲ್ಲ ಗೊತ್ತಲ್ಲ. ಆವತ್ತು ಉಲ್ಟಾ ಹರಿಯಿತು. ಕೂಲಿ ಮಾಡೋರು, ಗೇಣಿ ರೈತರು ತಮ್ಮ ಕೈಲಾದಷ್ಟು ಕೊಟ್ಟರು. ಕೊಟ್ಟ ಮೇಲೆ ಅಭ್ಯರ್ಥಿ ತಮ್ಮವನೇ ಅನ್ನೋ ಹಕ್ಕೂ ಬಂತು.

ಅವರು ಕೇಳಿದ್ದು ರಸ್ತೆ, ಸೇತುವೆಯ ಹೆಸರಿನಲ್ಲಿ ಅಲ್ಲ. ರಕ್ಷಣೆ ಮತ್ತು ನ್ಯಾಯದ ಹೆಸರಿನಲ್ಲಿ. ಉಳುವವನನ್ನು ರಾತ್ರೋರಾತ್ರಿ ಗದ್ದೆಯಿಂದ ಎಬ್ಬಿಸಬಾರದು. ಹಕ್ಕು ಕೇಳಿದವನ ಮೇಲೆ ಲಾಠಿ ಬೀಳಬಾರದು. ಅಳತೆ ಎಲ್ಲರಿಗೂ ಒಂದೇ ಇರಬೇಕು. ನಮ್ಮ ಊರಿನಲ್ಲಿ ಆಗ ಜನರ ಭಯ ಕಳ್ಳಕಾಕರದ್ದಾಗಿರಲಿಲ್ಲ. ನಾಳೆ ಈ ಮನೆಯಲ್ಲಿ ಇರ್ತೀವೋ ಇಲ್ವೋ ಅನ್ನೋ ಭಯ ಅದು. ಪೊಲೀಸರು ಬಂದರೆ ತಮ್ಮನ್ನು ಕಾಯೋಕೆ ಬಂದಿದ್ದಾರೆ ಅಂತ ಗೇಣಿದಾರನಿಗೆ ಅನ್ನಿಸುತ್ತಿರಲಿಲ್ಲ. ಈ ಭಯವನ್ನೇ ಗೌಡರು ಚುನಾವಣೆಯ ವಿಷಯ ಮಾಡಿದರು.

ಆ ಕಾಲದ ಮತದಾನವೂ ಈಗಿನ ಹಾಗಲ್ಲ. 1951ರ ಜನಗಣತಿ ಪ್ರಕಾರ ದೇಶದಲ್ಲಿ ಓದು ಬರಹ ಬಲ್ಲವರು ನೂರಕ್ಕೆ 18 ಜನ. ಅದಕ್ಕೇ ಮತಗಟ್ಟೆಯಲ್ಲಿ ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ, ಅದರ ಮೇಲೆ ಅವರ ಗುರುತು. ಕಾಂಗ್ರೆಸ್ಸಿಗೆ ನೊಗ ಹೊತ್ತ ಜೋಡೆತ್ತು, ಸಮಾಜವಾದಿಗಳಿಗೆ ಮರ. ಚೀಟಿ ತೆಗೆದುಕೊಂಡು ಹೋಗಿ ತಮಗೆ ಬೇಕಾದ ಪೆಟ್ಟಿಗೆಗೆ ಹಾಕಿ ಬರೋದು. ಒಡೆಯರ ಅಂಗಳದಲ್ಲಿ ಕೈಕಟ್ಟಿ ನಿಲ್ಲುತ್ತಿದ್ದವನು ಅಲ್ಲಿ ಒಬ್ಬನೇ. ಅವನ ಚೀಟಿಯೂ ಒಂದೇ, ಒಡೆಯರ ಚೀಟಿಯೂ ಒಂದೇ. ಆ ಪೆಟ್ಟಿಗೆಯಲ್ಲಿ ದೊಡ್ಡ ಕೊಳಗ, ಸಣ್ಣ ಕೊಳಗ ಅಂತ ಇರಲಿಲ್ಲ.

ಗೌಡರು ಗೆದ್ದರು. ಆದರೆ ಇನ್ನೊಂದು ಸಂಗತಿಯನ್ನೂ ಹೇಳಬೇಕು. ಅದೇ ಚುನಾವಣೆಯಲ್ಲಿ ಶಿವಮೊಗ್ಗದಿಂದ ಲೋಕಸಭೆಗೆ ಗೆದ್ದವರು ಕಾಂಗ್ರೆಸ್ಸಿನ ಕೆ.ಜಿ. ಒಡೆಯರ್. ಕಾಗೋಡಿನ ಒಡೆಯರ ಮನೆತನದವರೇ. ಒಂದೇ ಜಿಲ್ಲೆ, ಒಂದೇ ಚುನಾವಣೆ. ಗೇಣಿದಾರರ ಪರ ಜೈಲಿಗೆ ಹೋದವರು ಬೆಂಗಳೂರಿಗೆ, ಒಡೆಯರು ದೆಹಲಿಗೆ.

ಗೆದ್ದ ಮೇಲೆ

99 ಸ್ಥಾನಗಳ ಮೈಸೂರು ವಿಧಾನಸಭೆಯಲ್ಲಿ ಕಾಂಗ್ರೆಸ್ಸಿನವರೇ 74 ಜನ. ಕೆಂಗಲ್ ಹನುಮಂತಯ್ಯನವರು ಮುಖ್ಯಮಂತ್ರಿ. ಸಮಾಜವಾದಿಗಳು ಬೆರಳಲ್ಲಿ ಎಣಿಸುವಷ್ಟು. ಅಂಥ ಸಭೆಯಲ್ಲಿ ಒಬ್ಬ ಯುವ ಶಾಸಕ ಎದ್ದು ನಿಂತು ಗೇಣಿದಾರರ ಮಾತು ಆಡಬೇಕು. ಗೌಡರು ಆಡಿದರು, ಬಿಡದೆ ಆಡಿದರು. ಒಳ್ಳೆಯ ಓದುಗ, ಒಳ್ಳೆಯ ಮಾತುಗಾರ. ಸಿಟ್ಟು ಬಂದರೆ ತಡೆದುಕೊಳ್ಳುವ ಸ್ವಭಾವ ಅಲ್ಲ. ಆಡಳಿತ ಕನ್ನಡದಲ್ಲೇ ನಡೆಯಬೇಕು ಅಂತ ಕೇಳಿದವರಲ್ಲಿ ಅವರೂ ಮುಖ್ಯರು. ಅರ್ಜಿ ಬರೆಯೋ ರೈತನಿಗೆ ಬಾರದ ಭಾಷೆಯಲ್ಲಿ ತೀರ್ಮಾನ ಬಂದರೆ ಅದು ಎಂಥ ನ್ಯಾಯ ಹೇಳಿ? ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಿಡಬೇಕು ಅನ್ನೋದೂ ಅವರ ಪಟ್ಟು.

1952ರಲ್ಲೇ ಮೈಸೂರು ಗೇಣಿ ಕಾಯ್ದೆ ಬಂತು. ಆದರೆ ಕಾಗದದ ಮೇಲಿನ ಕಾಯ್ದೆಗೂ ಗದ್ದೆಯ ಬದುವಿಗೂ ದೂರ ಇತ್ತು. ಬಾಯಿ ಮಾತಿನ ಗೇಣಿ, ರಸೀತಿ ಇಲ್ಲ, ಪಹಣಿಯಲ್ಲಿ ಹೆಸರಿಲ್ಲ. ಕಾಯ್ದೆ ಇದೆ ಅಂತ ಕಚೇರಿಗೆ ಹೋದರೆ ದಾಖಲೆ ಎಲ್ಲಿ ಅಂತ ಕೇಳುತ್ತಾರೆ. ಕಾಗೋಡಿನವರು ಮೊದಲು ರಸೀತಿ ಕೇಳಿದ್ದು ಯಾಕೆ ಅಂತ ಈಗ ಅರ್ಥ ಆಗುತ್ತೆ.

1957ರ ಚುನಾವಣೆಯಲ್ಲಿ ಗೌಡರು ಸೋತರು. ಐದು ವರ್ಷ ಬಡವರ ಪರ ಮಾತಾಡಿದವರನ್ನು ಜನ ಕೈಬಿಟ್ಟರು ಅಂತ ಬೇಸರ ಮಾಡಿಕೊಳ್ಳಬಹುದು. ಆದರೆ ಗೌಡರು ಪಕ್ಷ ಬದಲಿಸಲಿಲ್ಲ, ವಿಷಯವನ್ನೂ ಬದಲಿಸಲಿಲ್ಲ. 1962ರಲ್ಲಿ ಮತ್ತೆ ಗೆದ್ದರು, 1967ರಲ್ಲೂ ಗೆದ್ದರು. ಆ 1967ರ ಚುನಾವಣೆಯಲ್ಲಿ ನಮ್ಮ ಜಿಲ್ಲೆಯಿಂದ ಸಮಾಜವಾದಿಗಳಾಗಿಯೇ ಜೆ.ಎಚ್. ಪಟೇಲರು ಲೋಕಸಭೆಗೆ, ಎಸ್. ಬಂಗಾರಪ್ಪನವರು ಸೊರಬದಿಂದ ವಿಧಾನಸಭೆಗೆ ಹೋದರು. ಕಾಗೋಡು ತಿಮ್ಮಪ್ಪನವರೂ ಇದೇ ಗರಡಿಯಲ್ಲಿ ಬೆಳೆದವರು. ಇವರಲ್ಲಿ ಇಬ್ಬರು ಮುಂದೆ ಮುಖ್ಯಮಂತ್ರಿಗಳಾದರು, ಒಬ್ಬರು ವಿಧಾನಸಭಾಧ್ಯಕ್ಷರಾದರು. ಗೌಡರು ಮಂತ್ರಿಯೂ ಆಗಲಿಲ್ಲ.

ಆಸ್ತಿ ಮಾಡಲಿಲ್ಲ. ಕೊನೆಯ ವರ್ಷಗಳಲ್ಲಿ ಆರೋಗ್ಯ ಕೆಟ್ಟಿತು. ಹೆಂಡತಿ ಸೋನಕ್ಕ, ಇನ್ನೂ ಚಿಕ್ಕ ಮಕ್ಕಳು. 1972ರ ಜೂನ್ 9ರಂದು ತೀರಿಕೊಂಡಾಗ ಅವರಿಗೆ 49 ವರ್ಷ.

ಅವರು ನೋಡದೇ ಹೋಗಿದ್ದು

ಗೌಡರು ಹೋದ ಮರುವರ್ಷ, 1973ರ ನವೆಂಬರ್ 1ರಂದು, ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾಯ್ತು. 1974ರ ಮಾರ್ಚ್ 1ರಿಂದ ದೇವರಾಜ ಅರಸರ ಸರ್ಕಾರದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂತು. ಗೇಣಿ ಪದ್ಧತಿಯೇ ರದ್ದು. ಗೇಣಿದಾರರು 7ನೇ ನಂಬರ್ ಫಾರಂ ತುಂಬಿ ಭೂ ನ್ಯಾಯಮಂಡಳಿಗೆ ಕೊಟ್ಟರು. ನಮ್ಮ ಕಡೆ ಹಿರಿಯರು ಡಿಕ್ಲರೇಷನ್ ಹಾಕಿದ್ದು ಅಂತ ಈಗಲೂ ಹೇಳೋದು ಇದನ್ನೇ. ಈವತ್ತು ತಾಲ್ಲೂಕಿನಲ್ಲಿ ಎಷ್ಟೋ ಮನೆಯ ಪಹಣಿಯಲ್ಲಿ ಅಜ್ಜನ ಹೆಸರು ಬಂದಿದ್ದು ಆವಾಗಲೇ. ಆ ಗದ್ದೆ ತೋಟದ ಮೇಲೆ ಸಾಲ ಸಿಕ್ಕಿತು, ಮಕ್ಕಳು ಓದಿದರು, ಕೆಲವರು ಪೇಟೆಗೆ ಬಂದು ಅಂಗಡಿ ಹಾಕಿದರು.

ಎಲ್ಲವೂ ಸರಿಹೋಯ್ತು ಅಂತಲ್ಲ. ಫಾರಂ ಹಾಕೋಕೆ ಧೈರ್ಯ ಸಾಲದೆ ಸುಮ್ಮನಿದ್ದವರಿದ್ದಾರೆ. ಒಡೆಯರ ಮುಖ ನೋಡಿ ಬಿಟ್ಟುಕೊಟ್ಟವರಿದ್ದಾರೆ. ಗೇಣಿಯ ಭೂಮಿಯೂ ಇಲ್ಲದ ಕೂಲಿಯವರಿಗೆ ಆ ಫಾರಂನಿಂದ ಗದ್ದೆ ಸಿಗಲಿಲ್ಲ. ಅದೂ ನಮ್ಮ ತಾಲ್ಲೂಕಿನ ಕಥೆಯೇ.

ಆದರೂ 1951ರಲ್ಲಿ ಗದ್ದೆಗೆ ಇಳಿದು ಹೊಡೆಸಿಕೊಂಡವರಿಂದ 1974ರ ಫಾರಂವರೆಗೆ 23 ವರ್ಷದ ದಾರಿ. ನಡುವೆ ಒಬ್ಬ ಶಾಸಕರು ಮೂರು ಸಲ ಗೆದ್ದು, ಒಮ್ಮೆ ಸೋತು, ಅದೇ ಮಾತನ್ನು ಹೇಳುತ್ತಲೇ ಇದ್ದರು. ಗೆದ್ದ ವರ್ಷವೇ ಫಲ ಸಿಗಲಿಲ್ಲ. ಅವರು ಬದುಕಿರುವಾಗಲೂ ಪೂರ್ತಿ ಸಿಗಲಿಲ್ಲ. ಓಟಿನ ಜೊತೆ ನೋಟು ಕೊಟ್ಟವರಲ್ಲೂ ಎಷ್ಟೋ ಜನ ಅಷ್ಟರಲ್ಲಿ ತೀರಿಕೊಂಡಿದ್ದರು.

ಬೆಂಗಳೂರಿಗೆ ಹೋದಾಗ ವಿಧಾನಸೌಧದ ಹತ್ತಿರ ಗೋಪಾಲಗೌಡ ವೃತ್ತ ಅಂತ ಬೋರ್ಡ್ ಕಾಣುತ್ತೆ. ಆಟೋದವರಿಗೆ ಅದು ಬರೀ ಸಿಗ್ನಲ್. ಯು.ಆರ್. ಅನಂತಮೂರ್ತಿಯವರ 'ಅವಸ್ಥೆ' ಕಾದಂಬರಿ ಓದಿದವರಿಗೆ ಅದರ ನಾಯಕ ಕೃಷ್ಣಪ್ಪಗೌಡನಲ್ಲಿ ಇವರ ನೆರಳು ಕಾಣುತ್ತೆ. ನಮಗೆ ಸಾಗರದವರಿಗೆ, ಹೊಸನಗರದವರಿಗೆ ಅಷ್ಟು ದೂರ ಹೋಗಬೇಕಾಗಿಲ್ಲ. ಹಳ್ಳಿಯ ಎಷ್ಟೋ ಮನೆಗಳ ಅಟ್ಟದ ಮೇಲೆ ಹಳೇ ಕೊಳಗ ಇನ್ನೂ ಇದೆ. ಮದುವೆ ಮುಂಜಿಗೆ ಕೆಳಗಿಳಿಸಿ ಅಕ್ಕಿ ತುಂಬುತ್ತೇವೆ. ಮುಂದಿನ ಸಲ ಇಳಿಸಿದಾಗ ಅದಕ್ಕೆ ಎಷ್ಟು ಸೇರು ಹಿಡಿಯುತ್ತೆ ಅಂತ ಒಮ್ಮೆ ಅಳೆದು ನೋಡಿ. ಮನೆಯಲ್ಲಿ ಹಿರಿಯರಿದ್ದರೆ ಅದು ಕೊಡುವವರ ಮನೆಯ ಕೊಳಗವೋ, ತೆಗೆದುಕೊಳ್ಳುವವರ ಮನೆಯ ಕೊಳಗವೋ ಅಂತಲೂ ಕೇಳಿ.