ಅಠಾರ ಕಚೇರಿ ಕಟ್ಟಿದ ಗುತ್ತಿಗೆದಾರರು

ನಮ್ಮ ಶಾಲೆಗೆ ಐವತ್ತು ವರ್ಷ ತುಂಬಿದ ಈ ಸಂತೋಷದ ಸಂದರ್ಭದಲ್ಲಿ ಒಬ್ಬ ಗುತ್ತಿಗೆದಾರರ ಬದುಕಿನ ಬಗ್ಗೆ ಬರೆಯಬೇಕೆನಿಸಿತು. ಕವಿಗಳ, ವಿಜ್ಞಾನಿಗಳ, ಸ್ವಾತಂತ್ರ್ಯ ಹೋರಾಟಗಾರರ ಜೀವನವನ್ನು ಇದೇ ಶಾಲೆಯ ಬೆಂಚುಗಳ ಮೇಲೆ ಕುಳಿತು ಓದಿದ್ದೇವೆ. ಗುತ್ತಿಗೆದಾರರ ಜೀವನ ಯಾವ ಪಾಠದಲ್ಲೂ ಇರಲಿಲ್ಲ. ಆದರೆ ಕೆ.ಆರ್. ಪುರದ ಆಚೆಯ ನಮ್ಮ ಊರಿನಲ್ಲಿ ಈಗ ರಾಗಿ ಹೊಲಗಳೆಲ್ಲ ಲೇಔಟ್‌ಗಳಾಗಿವೆ. ನಮ್ಮ ಜೊತೆ ಓದಿದವರಲ್ಲಿ ಮೇಸ್ತ್ರಿಗಳಿದ್ದಾರೆ, ಜಲ್ಲಿ, ಮರಳು ಹೊಡೆಸುವವರಿದ್ದಾರೆ, ಅಪಾರ್ಟ್‌ಮೆಂಟ್ ಕಟ್ಟಿಸುವವರೂ ಇದ್ದಾರೆ. ಆದ್ದರಿಂದ ಈ ಬದುಕು ನಮಗೆ ತೀರ ಹತ್ತಿರದ್ದು.

ಅವರ ಹೆಸರು ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರ್. ಹುಟ್ಟಿದ್ದು 1827ರಲ್ಲಿ. ಬ್ರಿಟಿಷರು ಬೆಂಗಳೂರಿನಲ್ಲಿ ದಂಡು ಸ್ಥಾಪಿಸಿದ್ದು 1809ರಲ್ಲಿ. ಸೈನ್ಯ ಬಂದ ಮೇಲೆ ಅದಕ್ಕೆ ದಿನಸಿ ಬೇಕು, ಬಟ್ಟೆ ಬೇಕು, ಮನೆ, ರಸ್ತೆ, ಕಚೇರಿ ಬೇಕು. ಇವನ್ನೆಲ್ಲ ಒದಗಿಸಲು ಮದ್ರಾಸ್ ಪ್ರಾಂತ್ಯದ ಕಡೆಯಿಂದ ಅನೇಕ ತಮಿಳು ಕುಟುಂಬಗಳು ಬಂದು ಹಲಸೂರು ಮತ್ತು ಇಂದಿನ ಶಿವಾಜಿನಗರದ ಸುತ್ತ ನೆಲೆಸಿದವು. ಮೊದಲಿಯಾರರು ಬೆಳೆದದ್ದು ಆ ಪರಿಸರದಲ್ಲಿ. ಸಣ್ಣ ವ್ಯಾಪಾರದಿಂದ ಶುರು ಮಾಡಿ ಹಂತಹಂತವಾಗಿ ಮೇಲೆ ಬಂದರು. ಸೌತ್ ಪರೇಡ್‌ನಲ್ಲಿ, ಅಂದರೆ ಈಗಿನ ಮಹಾತ್ಮ ಗಾಂಧಿ ರಸ್ತೆಯಲ್ಲಿ, ಬೆಂಗಳೂರು ಏಜೆನ್ಸಿ ಎಂಬ ಅಂಗಡಿ ನಡೆಸಿದರು.

ಅಂಗಡಿಯಿಂದ ಅವರು ಸರ್ಕಾರಿ ಕಟ್ಟಡಗಳ ಗುತ್ತಿಗೆಗೆ ಕಾಲಿಟ್ಟರು. ಗುತ್ತಿಗೆಯ ಕಷ್ಟ ಮಾಡಿದವರಿಗೇ ಗೊತ್ತು. ಕೆಲಸ ಮುಗಿದು, ಅಳತೆಯಾಗಿ, ಬಿಲ್ಲು ಪಾಸಾದ ಮೇಲೆ ಹಣ ಬರುತ್ತದೆ. ಕೂಲಿಯನ್ನು ಮಾತ್ರ ವಾರವಾರವೂ ಕೊಡಲೇಬೇಕು. ನಡುವಿನ ಆ ತಿಂಗಳುಗಳನ್ನು ತಾಳಿಕೊಳ್ಳಲು ಕೈಯಲ್ಲಿ ಬಂಡವಾಳವಿರಬೇಕು, ಮಾತಿಗೆ ಬೆಲೆಯಿರಬೇಕು. ಅಂಗಡಿ ನಡೆಸಿದವರಿಗೆ ಈ ಎರಡನ್ನೂ ಗಳಿಸುವ ಅವಕಾಶವಿತ್ತೆಂದು ನನಗೆ ತೋರುತ್ತದೆ.

ಅವರ ಬಾಳಿನ ದೊಡ್ಡ ಕೆಲಸ ಅಠಾರ ಕಚೇರಿ. ಆಗ ಮೈಸೂರು ರಾಜ್ಯ ಬ್ರಿಟಿಷ್ ಕಮಿಷನರ್ ಆಡಳಿತದಲ್ಲಿತ್ತು. ಸರ್ಕಾರದ ಹದಿನೆಂಟು ಇಲಾಖೆಗಳು ಟಿಪ್ಪುವಿನ ಅರಮನೆಯಲ್ಲಿ ಇಕ್ಕಟ್ಟಾಗಿ ನಡೆಯುತ್ತಿದ್ದವು. ಅವಕ್ಕೆ ಹೊಸ ಕಟ್ಟಡ ಕಟ್ಟಲು ಕಮಿಷನರ್ ಬೌರಿಂಗ್ ಅವರ ಕಾಲದಲ್ಲಿ ತೀರ್ಮಾನವಾಯಿತು. ನಕ್ಷೆ ಮುಖ್ಯ ಎಂಜಿನಿಯರ್ ಸ್ಯಾಂಕಿಯವರದು, ಗುತ್ತಿಗೆ ಮೊದಲಿಯಾರರದು. ಕೆಲಸ 1864ರಲ್ಲಿ ಆರಂಭವಾಗಿ 1868ರಲ್ಲಿ ಮುಗಿಯಿತು. ಜೋಲಾರ್‌ಪೇಟೆಯಿಂದ ನಮ್ಮ ಕಡೆಯ ಮೂಲಕ ದಂಡಿಗೆ ರೈಲು ಬಂದದ್ದೂ ಅದೇ 1864ರಲ್ಲಿ. ವಿಧಾನಸೌಧದ ಎದುರಿಗೆ, ಕಬ್ಬನ್ ಪಾರ್ಕಿನ ಅಂಚಿನಲ್ಲಿ, ಸಾಲು ಕಂಬಗಳ ಕೆಂಪು ಬಣ್ಣದ ಆ ಎರಡಂತಸ್ತಿನ ಕಟ್ಟಡವೇ ಇಂದಿನ ಹೈಕೋರ್ಟ್. 1980ರ ದಶಕದಲ್ಲಿ ಅದನ್ನು ಕೆಡವುವ ಮಾತು ಬಂದಾಗ ನಾಗರಿಕರು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಕಟ್ಟಡ ಉಳಿಯಿತು.

ಇಷ್ಟಕ್ಕೇ ನಿಂತಿದ್ದರೆ ಮೊದಲಿಯಾರರು ಒಬ್ಬ ಯಶಸ್ವಿ ವ್ಯಾಪಾರಿಯಾಗಿ ಉಳಿಯುತ್ತಿದ್ದರು. ಬೌರಿಂಗ್ ಹೆಸರು ಶಿವಾಜಿನಗರದ ಆಸ್ಪತ್ರೆಗಿದೆ, ಸ್ಯಾಂಕಿ ಹೆಸರು ಕೆರೆಗಿದೆ. ಕಟ್ಟಿಸಿಕೊಟ್ಟವರ ಹೆಸರನ್ನು ಹೈಕೋರ್ಟಿಗೆ ದಿನವೂ ಹೋಗುವವರಲ್ಲಿ ಎಷ್ಟು ಜನ ಬಲ್ಲರು? ಅವರ ಹೆಸರು ಉಳಿದದ್ದು ಶಾಲೆಯಿಂದ. ಅಠಾರ ಕಚೇರಿ ಮುಗಿದ ಐದು ವರ್ಷಕ್ಕೆ, 1873ರಲ್ಲಿ, ಬಡವರ ಮಕ್ಕಳಿಗೆ ಉಚಿತವಾಗಿ ಇಂಗ್ಲಿಷ್ ಕಲಿಸುವ ಶಾಲೆ ತೆರೆದರು. ಇಂಗ್ಲಿಷ್ ಬಂದರೆ ಕಚೇರಿಯಲ್ಲಿ ಗುಮಾಸ್ತೆ ಕೆಲಸ, ಬಾರದಿದ್ದರೆ ಕಚೇರಿಯ ಗೋಡೆಗೆ ಕಲ್ಲು ಹೊರುವ ಕೆಲಸ ಎನ್ನುವಂತಿದ್ದ ಕಾಲವದು. ಸಮಾಜ ದೂರವಿಟ್ಟಿದ್ದ ಮಕ್ಕಳಿಗಾಗಿಯೂ ಮುಂದೆ ಶಾಲೆ ನಡೆಸಿದರು. ಧರ್ಮರತ್ನಾಕರ, ರಾಯ್ ಬಹದ್ದೂರ್ ಎಂಬ ಬಿರುದುಗಳು ಅವರ ಹೆಸರಿನ ಹಿಂದೆ ಸೇರಿಕೊಂಡವು. 1910ರಲ್ಲಿ ತೀರಿಕೊಂಡರು.

ಅವರು ಹೋಗಿ ಶತಮಾನ ದಾಟಿದರೂ ಶಾಲೆ ನಿಂತಿಲ್ಲ. ಆರ್.ಬಿ.ಎ.ಎನ್.ಎಂ. ಎಂದು ದಂಡಿನ ಜನ ಕರೆಯುವ ವಿದ್ಯಾಸಂಸ್ಥೆ ಅವರದೇ. ಆ ಐದು ಅಕ್ಷರಗಳು ಅವರ ಬಿರುದು ಮತ್ತು ಹೆಸರು. ಹಲಸೂರು ಕೆರೆಯ ಎದುರು ಅದರ ಕಾಲೇಜೂ ಇದೆ. ಶಾಲೆಯ ಹೊಣೆಯನ್ನು ಒಂದು ಧರ್ಮಸಂಸ್ಥೆ ಹೊತ್ತದ್ದರಿಂದ, ಸ್ಥಾಪಕರ ಕಾಲಾನಂತರವೂ ಅದು ಮುಂದುವರಿಯಿತು.

ನಾನು ಎಂಜಿನಿಯರ್ ಆದರೂ ಇಟ್ಟಿಗೆ, ಗಾರೆ ಮುಟ್ಟಿದವನಲ್ಲ, ಕಂಪ್ಯೂಟರ್ ಮುಂದೆ ಕೂರುವವನು. ಆದರೆ ನಮ್ಮ ಕೆಲಸದಲ್ಲೂ ಒಂದು ಮಾತಿದೆ: ಏನನ್ನಾದರೂ ಕಟ್ಟುವುದು ಸುಲಭ, ಕಟ್ಟಿದ್ದನ್ನು ವರ್ಷಾನುಗಟ್ಟಲೆ ನಡೆಸಿಕೊಂಡು ಹೋಗುವುದು ಕಷ್ಟ. ಶಾಲೆಗೂ ಇದು ಅನ್ವಯಿಸುತ್ತದೆ. ನಾವು ಹಳೆಯ ವಿದ್ಯಾರ್ಥಿಗಳು ದಾನ ಎಂದಾಗ ಗೇಟು, ಕಮಾನು, ಫ್ಯಾನು, ಗೋಡೆ ಗಡಿಯಾರ ಎಂದು ಯೋಚಿಸುತ್ತೇವೆ. ಅವೂ ಬೇಕು. ಆದರೆ ಮಳೆಗಾಲದಲ್ಲಿ ಸೋರುವ ಕೋಣೆಯನ್ನು ಪ್ರತಿ ವರ್ಷವೂ ಯಾರು ನೋಡುತ್ತಾರೆ? ಹತ್ತನೇ ತರಗತಿ ಮುಗಿಸಿ ಪಿಯುಸಿ ಶುಲ್ಕಕ್ಕೆ ಹಣವಿಲ್ಲದೆ ನಿಲ್ಲುವ ಹೆಣ್ಣುಮಗಳಿಗೆ ಯಾರು ಕೊಡುತ್ತಾರೆ?

ಜಮೀನು ಮಾರಿದ ಹಣ, ಕಟ್ಟಡ ಕಟ್ಟಿದ ಹಣ, ನನ್ನಂಥವರ ಸಂಬಳದ ಹಣ, ಎಲ್ಲದರಿಂದಲೂ ಒಂದೊಂದು ಪಾಲು ಸೇರಿಸಿ ಶಾಲೆಯ ಹೆಸರಿನಲ್ಲಿ ಶಾಶ್ವತ ದತ್ತಿನಿಧಿ ಇಡೋಣ. ಅಸಲು ಮುಟ್ಟದೆ ಬಡ್ಡಿಯಲ್ಲೇ ಮಕ್ಕಳು ಓದಲಿ. ಊರಿನ ಹಿರಿಯರೂ ಗುರುಗಳೂ ಮುಂದೆ ನಿಂತು ನಡೆಸಿಕೊಡಬೇಕೆಂದು ಕೈಮುಗಿದು ಕೇಳುತ್ತೇನೆ. ಶತಮಾನೋತ್ಸವದ ಸಂಚಿಕೆಗೆ ಆ ಮಕ್ಕಳೇ ಲೇಖನ ಬರೆಯಲಿ.

– ಹಳೆಯ ವಿದ್ಯಾರ್ಥಿ, ಬಿ.ಇ.