ಕುದ್ಮುಲ್ ರಂಗರಾಯರ ಚರಿತ್ರೆ

ಮಕ್ಕಳನ್ನು ಕೂಲಿಗೆ ಕಳುಹಿಸುವದು ತಪ್ಪೆಂದು ಹೇಳುವವರು ಬಹು ಮಂದಿ ಇದ್ದಾರೆ. ಬಡ ಮನೆಯವರು ತಮ್ಮ ಮಗುವನ್ನು ಯಾಕೆ ಕಳುಹಿಸುತ್ತಾರೆಂದು ವಿಚಾರಿಸಿ, ಆ ಕಾರಣವನ್ನೇ ನಿವಾರಿಸುವದಕ್ಕೆ ಕೈಯಿಂದ ಹಣ ವೆಚ್ಚಮಾಡಿದವರಾದರೋ ಕೆಲವರೇ. ಅಂಥವರಲ್ಲಿ ಒಬ್ಬರಾದ ಕುದ್ಮುಲ್ ರಂಗರಾಯರ ಚರಿತ್ರೆಯನ್ನು ಈ ಸಲ ಸಂಕ್ಷೇಪವಾಗಿ ಹೇಳುತ್ತೇವೆ. ಅವರು ಸಮುದ್ರತೀರದ ಸೀಮೆಯವರಾದಾಗ್ಯೂ, ಅವರು ತೋರಿಸಿದ ದಾರಿಯು ಮೋಟೆಬೆನ್ನೂರು, ಬ್ಯಾಡಗಿ, ರಾಣೇಬೆನ್ನೂರು ಕಡೆಯ ನಮಗೂ ಬೇಕಾದದ್ದಾಗಿದೆ.

ರಂಗರಾಯರು 1859ನೇ ಇಸವಿ ಜೂನ್ 29ರಂದು ಕಾಸರಗೋಡು ಸೀಮೆಯ ಕುದ್ಮುಲ್ ಎಂಬ ಗ್ರಾಮದಲ್ಲಿ ಸಾರಸ್ವತ ಬ್ರಾಹ್ಮಣರ ಮನೆಯಲ್ಲಿ ಹುಟ್ಟಿದರು. ಹದಿಹರೆಯದಲ್ಲಿಯೇ ತಂದೆಯನ್ನು ಕಳಕೊಂಡು ಮಂಗಳೂರಿಗೆ ಬಂದು, ತಿಂಗಳಿಗೆ 8 ರೂಪಾಯಿ ಸಂಬಳದ ಉಪಾಧ್ಯಾಯರಾದರು. ದುಡಿಯುತ್ತಲೇ ಓದಿ ಮೆಟ್ರಿಕ್ಯುಲೇಶನ್ ಪರೀಕ್ಷೆಯಲ್ಲಿಯೂ ತರುವಾಯ ವಕೀಲಿ ಪರೀಕ್ಷೆಯಲ್ಲಿಯೂ ತೇರ್ಗಡೆ ಹೊಂದಿ, ಬಡವರ ಪಕ್ಷವನ್ನು ಹಿಡಿಯುವ ವಕೀಲರೆಂದು ಹೆಸರುಗೊಂಡರು. ಬಾಲ್ಯದಲ್ಲಿಯೇ ಸಂಪಾದನೆಯ ಭಾರವು ಹೆಗಲ ಮೇಲೆ ಬೀಳುವದೆಂದರೇನೆಂಬದನ್ನು ಅವರು ಸ್ವಂತ ಅನುಭವದಿಂದ ಬಲ್ಲವರಾಗಿದ್ದರು.

ಆ ಕಾಲದಲ್ಲಿ ದಕ್ಷಿಣ ಕನ್ನಡ ಸೀಮೆಯ ದಲಿತರ ಸ್ಥಿತಿಯು ಕರುಣಾಜನಕವಾಗಿತ್ತು. 1843ರ ಕಾನೂನು ಗುಲಾಮಗಿರಿಗಿದ್ದ ಬಲವನ್ನು ತೆಗೆದುಹಾಕಿದ್ದಾಗ್ಯೂ, ಮೂಲದ ಆಳುಗಳೆಂದು ಕರೆಯಲ್ಪಟ್ಟವರ ಮನೆತನಗಳು ಸಾಲದಿಂದಲೂ ಪದ್ಧತಿಯಿಂದಲೂ ಧಣಿಯ ಭೂಮಿಗೆ ಕಟ್ಟಲ್ಪಟ್ಟೇ ಇದ್ದವು. ಗುಡಿಸಲು ನಿಂತ ನೆಲವೂ ಧಣಿಯದೇ. ಆದಕಾರಣ ದನ ಕಾಯುವದಕ್ಕೂ ಗೊಬ್ಬರಕ್ಕೆ ಸೊಪ್ಪು ತರುವದಕ್ಕೂ ಮಗುವನ್ನು ಕರೆದರೆ ಕಳುಹಿಸುವದಿಲ್ಲವೆನ್ನುವ ಧೈರ್ಯವು ತಂದೆಗೆ ಇರಲಿಲ್ಲ. ಕಳುಹಿಸದಿದ್ದರೆ ರಾತ್ರಿಯ ಗಂಜಿಯೂ ಕಡಿಮೆಯಾಗುತ್ತಿತ್ತು. ಶಾಲೆಗೆ ಕಳುಹಿಸೋಣವೆಂದರೆ ಅಲ್ಲಿಯ ಬಾಗಿಲು ಅಸ್ಪೃಶ್ಯರೆನಿಸಿಕೊಂಡವರಿಗೆ ಮುಚ್ಚಿತ್ತು. ಹೀಗೆ ಹಸಿವು, ಸಾಲ, ತಿರಸ್ಕಾರ ಎಂಬ ಮೂರು ಕಾರಣಗಳು ಮಗುವನ್ನು ದುಡಿಮೆಗೆ ನೂಕುತ್ತಿದ್ದವು. ತಾಯಿತಂದೆಗಳ ಪ್ರೀತಿಯ ಕೊರತೆಯಲ್ಲ.

1892ರಲ್ಲಿ ರಂಗರಾಯರು ಮಂಗಳೂರಿನ ಉರ್ವ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗಾಗಿ ಒಂದು ಶಾಲೆಯನ್ನು ತೆರೆದರು. ಮೇಲುಜಾತಿಯ ಉಪಾಧ್ಯಾಯರು ಬರಲೊಲ್ಲದ ಕಾರಣ ಕ್ರೈಸ್ತ ಉಪಾಧ್ಯಾಯರನ್ನು ನೇಮಿಸಬೇಕಾಯಿತು. ಬಾಗಿಲು ತೆರೆದ ಮಾತ್ರಕ್ಕೆ ಮಕ್ಕಳು ಬರುವದಿಲ್ಲವೆಂಬದು ರಂಗರಾಯರಿಗೆ ತಿಳಿದಿತ್ತು. ಯಾಕಂದರೆ ಪುಸ್ತಕ ಹಿಡಿದ ಮಗುವಿನ ದುಡಿಮೆಯು ಮನೆಗೆ ತಪ್ಪಿಹೋಗುತ್ತದೆ. ಅದಕ್ಕೆ ಅವರು ಮಕ್ಕಳಿಗೆ ಮಧ್ಯಾಹ್ನದ ಊಟವನ್ನು ಒದಗಿಸಿ, ಶಾಲೆಗೆ ಬಂದವರಿಗೆ ದಿನಕ್ಕೆ ಎರಡು ಪೈಸೆಯಂತೆ ಕೊಡುವ ಕ್ರಮವನ್ನು ಮಾಡಿದರು. ಬಡವನಿಗೆ ಬುದ್ಧಿ ಹೇಳುವದಕ್ಕಿಂತ ಮುಂಚೆ ಅವನ ನಷ್ಟವನ್ನು ತುಂಬಿಕೊಡಬೇಕೆಂಬದೇ ಈ ಏರ್ಪಾಡಿನ ತಿರುಳು.

ಇದರ ನಿಮಿತ್ತ ಸ್ವಜಾತಿಯವರು ಅವರಿಗೆ ಬಹಿಷ್ಕಾರ ಹಾಕಿದರು, ಮನೆಮಂದಿಯೆಲ್ಲ ಅವಮಾನಪಟ್ಟರು. ಆದರೂ ಅವರು ಹಿಂಜರಿಯದೆ 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಶನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಜಮಖಂಡಿಯ ವಿಠ್ಠಲ ರಾಮಜಿ ಶಿಂದೆಯವರು ಮುಂಬಯಿಯಲ್ಲಿ ಅದೇ ಹೆಸರಿನ ಸಂಸ್ಥೆಯನ್ನು ಆರಂಭಿಸಿದ್ದು 1906ರಲ್ಲಿ. ರಂಗರಾಯರು ಅಕ್ಷರದೊಂದಿಗೆ ನೇಯ್ಗೆ, ಬಡಗಿ ಕೆಲಸ ಮೊದಲಾದ ಕಸಬುಗಳನ್ನೂ ಕಲಿಸಿದರು. ಸರಕಾರದಿಂದ ಭೂಮಿಯನ್ನು ದೊರಕಿಸಿ ಅನೇಕ ಕುಟುಂಬಗಳಿಗೆ ಮನೆಯ ನಿವೇಶನಗಳನ್ನು ಹಂಚಿಸಿದರು. ತನ್ನ ನೆಲದ ಮೇಲೆ ನಿಂತವನು ಮಾತ್ರ ಧಣಿಯ ಕರೆಗೆ ಇಲ್ಲವೆಂದು ಹೇಳಬಲ್ಲನಷ್ಟೆ.

ಅವರು 1928ನೇ ಇಸವಿ ಜನವರಿ 30ರಂದು ತೀರಿಕೊಂಡರು. ತಮ್ಮ ದೇಹವನ್ನು ತೋಟಿಗಳು ಹೊತ್ತು ಅಂತ್ಯಕ್ರಿಯೆ ನಡಿಸಬೇಕೆಂಬದು ಅವರ ಇಚ್ಛೆಯಾಗಿತ್ತು. 1934ರಲ್ಲಿ ಮಂಗಳೂರಿಗೆ ಬಂದ ಗಾಂಧೀಜಿಯವರು ಅವರ ಕಾರ್ಯವನ್ನು ಬಹಳವಾಗಿ ಕೊಂಡಾಡಿದರು. ಈಗ ಆ ಪಟ್ಟಣದ ಪುರಭವನಕ್ಕೆ ರಂಗರಾಯರ ಹೆಸರು ಇದೆ.

ಅವರು ಒಬ್ಬರೇ ಆರಂಭಿಸಿದ ಊಟದ ಏರ್ಪಾಡು ಇಂದು ಸರಕಾರದ ಕೆಲಸವಾಗಿದೆ. ಕರ್ನಾಟಕದಲ್ಲಿ ಅಕ್ಷರ ದಾಸೋಹವು 2002ರಲ್ಲಿ ಮೊದಲಾಯಿತು. 6ರಿಂದ 14 ವರ್ಷದವರಿಗೆ ಕಡ್ಡಾಯ ಉಚಿತ ಶಿಕ್ಷಣದ ಕಾನೂನು 2010ರಿಂದ ಜಾರಿಯಲ್ಲಿದೆ. 2016ರ ತಿದ್ದುಪಡಿಯಂತೆ 14 ವರ್ಷದೊಳಗಿನವರನ್ನು ಕೆಲಸಕ್ಕೆ ಇಟ್ಟುಕೊಳ್ಳಕೂಡದು; ಶಾಲೆಯ ಹೊತ್ತು ಬಿಟ್ಟು ಮನೆಯವರಿಗೆ ನೆರವಾಗುವದಕ್ಕೆ ಎಡೆಯುಂಟು.

ಆದಾಗ್ಯೂ ಕಾರಣಗಳು ಪೂರ್ತಿಯಾಗಿ ಅಳಿದಿಲ್ಲ. ನಮ್ಮ ಸೀಮೆಯಲ್ಲಿ ಬೀಜದ ಹತ್ತಿ ಬೆಳೆಯುವದನ್ನು ಎಲ್ಲರೂ ಬಲ್ಲಿರಿ. ಕ್ರಾಸಿಂಗ್ ಎಂಬ ಕೆಲಸದಲ್ಲಿ ಸಾಯಂಕಾಲ ಮೊಗ್ಗು ಬಿಡಿಸಿ ಮರುದಿನ ಬೆಳಿಗ್ಗೆ ಒಂದೊಂದು ಹೂವಿಗೂ ಕೈಯಿಂದ ಪರಾಗ ಮುಟ್ಟಿಸಬೇಕು. ಇದಕ್ಕೆ ಬಹಳ ಕೈಗಳು ಬೇಕು. ಹಂಗಾಮೋ ಶಾಲೆಯ ದಿನಗಳಲ್ಲಿಯೇ ಬರುತ್ತದೆ. ಕರ್ನಾಟಕದ ಬೀಜದ ಹೊಲಗಳಲ್ಲಿ ಮಕ್ಕಳನ್ನು, ವಿಶೇಷವಾಗಿ ಹೆಣ್ಣುಮಕ್ಕಳನ್ನು ದುಡಿಸಿದ್ದು ಬೆಳಕಿಗೆ ಬಂದ ಸಂಗತಿಯೇ. ಅಗ್ಗದ ಕೂಲಿಯ ಆಸೆ ಒಂದು ಕಡೆ, ತಾಯಿತಂದೆಗಳು ಮುಂಗಡವಾಗಿ ತಕ್ಕೊಂಡ ಹಣ ಇನ್ನೊಂದು ಕಡೆ, ನಡುವೆ ಮಗು.

ಹೀಗಿರುವಲ್ಲಿ ನಾವು ಮಾಡತಕ್ಕದ್ದೇನು? ಹೊಲವುಳ್ಳವರು ದೊಡ್ಡವರನ್ನೇ ಕರೆದು ಪೂರ್ತಿ ಕೂಲಿ ಕೊಡಲಿ. ಸಂಘಗಳಲ್ಲಿ ಹಣ ಕೂಡಿಸುವ ತಾಯಂದಿರು, ಮುಂಗಡಕ್ಕೆ ಕೈಯೊಡ್ಡುವ ನೆರೆಮನೆಗೆ ಹಂಗಾಮಿನ ಮುಂಚೆ ಸಾಲ ದೊರಕಿಸಲಿ. ಮಗು ಮೂರು ದಿನ ಶಾಲೆಗೆ ಬಾರದಿದ್ದರೆ ಉಪಾಧ್ಯಾಯರೂ ಹಿರಿಯರೂ ಆ ಮನೆಗೆ ಹೋಗಿ ಗದರಿಸದೆ ಕಾರಣ ಕೇಳಲಿ. ಬಲಾತ್ಕಾರವಾಗಿ ದುಡಿಸುವದು ಕಂಡರೆ 1098ಕ್ಕೆ ದೂರವಾಣಿ ಮಾಡಲಿ. ರಂಗರಾಯರು ಎರಡು ಪೈಸೆಯಿಂದ ಆರಂಭಿಸಿದರು. ನಮ್ಮ ನೆರೆಯ ಮಗು ಶಾಲೆಯಲ್ಲಿ ಉಳಿಯುವದಕ್ಕೆ ಅದರ ಮನೆಗೆ ಎಷ್ಟು ಕಡಿಮೆಬೀಳುತ್ತದೆಂದು ಮೊದಲು ವಿಚಾರಿಸೋಣ. ಬಳಿಕ ಅದನ್ನು ತುಂಬಿಕೊಡುವದಕ್ಕೆ ಊರವರೆಲ್ಲ ಕೈಗೂಡಿಸೋಣ.