ಕುಲುಮೆಯ ಪಕ್ಕದಲ್ಲೊಂದು ಕೀರ್ದಿ ಪುಸ್ತಕ

ಸಣ್ಣ ಕೈಗಾರಿಕೆಗಳ ಕಡತಗಳ ನಡುವೆ ಸರ್ಕಾರಿ ಸೇವೆಯ ಹಲವು ವರ್ಷಗಳನ್ನು ಕಳೆದ ನನಗೆ ಒಂದು ಸಂಗತಿ ಮತ್ತೆ ಮತ್ತೆ ಕಣ್ಣಿಗೆ ಬಿದ್ದಿದೆ. ಬಾಗಿಲು ಮುಚ್ಚಿದ ಘಟಕಗಳ ಮಾಲೀಕರಲ್ಲಿ ಅನೇಕರು ಉತ್ತಮ ಕುಶಲಿಗಳು. ಲೇತ್ ಯಂತ್ರದ ಸದ್ದು ಕೇಳಿಯೇ ಅದರ ದೋಷವನ್ನು ಗುರುತಿಸಬಲ್ಲವರು. ಆದರೆ ಯಾರಿಂದ ಎಷ್ಟು ಬಾಕಿ ಬರಬೇಕು, ಒಂದು ಬಿಡಿಭಾಗಕ್ಕೆ ತಗಲುವ ನಿಜವಾದ ವೆಚ್ಚವೆಷ್ಟು ಎಂದು ಕೇಳಿದರೆ ತಡವರಿಸುತ್ತಿದ್ದರು. ತಂತ್ರಜ್ಞಾನ ಮತ್ತು ವ್ಯವಹಾರ ಜ್ಞಾನ ಒಬ್ಬರಲ್ಲೇ ಸಮನಾಗಿ ಕೂಡಿಬರುವುದು ಅಪರೂಪ. ಹಾಗಿದ್ದರೆ ಕುಶಲಿಯಾದವನು ಉದ್ಯಮ ಕಟ್ಟಬಾರದೆ? ಈ ಪ್ರಶ್ನೆಗೆ ನೂರು ವರ್ಷಗಳಿಗೂ ಹಿಂದೆ ನಮ್ಮ ಬೆಳಗಾವಿ ಜಿಲ್ಲೆಯವರೇ ಒಬ್ಬರು ತಮ್ಮ ಬದುಕಿನ ಮೂಲಕ ಉತ್ತರ ಕೊಟ್ಟಿದ್ದಾರೆ. ಅವರು ಲಕ್ಷ್ಮಣರಾವ್ ಕಿರ್ಲೋಸ್ಕರ್.

ಗೋಕಾಕ ತಾಲ್ಲೂಕಿನ ನನ್ನೂರು ಅಂಕಲಗಿಯು ಬೆಳಗಾವಿಯಿಂದ ಗೋಕಾಕಕ್ಕೆ ಹೋಗುವ ದಾರಿಯಲ್ಲಿದೆ. ಆ ದಾರಿಯ ಒಂದು ತುದಿಗೆ, ಘಟಪ್ರಭೆಯ ಜಲಪಾತದ ಬಳಿ, 1887ರಲ್ಲಿ ನೂಲಿನ ಗಿರಣಿ ಆರಂಭವಾಯಿತು. ಇನ್ನೊಂದು ತುದಿಯ ಬೆಳಗಾವಿಯಲ್ಲಿ ಮರುವರ್ಷವೇ ಕಿರ್ಲೋಸ್ಕರ್ ಸಹೋದರರ ಸೈಕಲ್ ಅಂಗಡಿ ತೆರೆಯಿತು. ಗಿರಣಿಯ ಬೆನ್ನಿಗೆ ಕಂಪನಿಯ ಬಂಡವಾಳವಿತ್ತು. ಅಂಗಡಿಯ ಬೆನ್ನಿಗೆ ಅಣ್ಣ-ತಮ್ಮಂದಿರ ದುಡಿಮೆ ಇತ್ತು.

ಲಕ್ಷ್ಮಣರಾವ್ ಹುಟ್ಟಿದ್ದು 1869ರ ಜೂನ್ 20ರಂದು, ಗುರ್ಲಹೊಸೂರಿನಲ್ಲಿ. ಚಿತ್ರಕಾರನಾಗುವ ಆಸೆಯಿಂದ ಮುಂಬೈನ ಜೆ.ಜೆ. ಕಲಾ ಶಾಲೆಗೆ ಸೇರಿದ ಅವರಿಗೆ, ಎರಡು ವರ್ಷಗಳ ನಂತರ ತಮಗೆ ಭಾಗಶಃ ಬಣ್ಣಗುರುಡು ಇರುವುದು ತಿಳಿಯಿತು. ಕುಂಚವನ್ನು ಕೆಳಗಿಟ್ಟು ಯಂತ್ರಗಳ ರೇಖಾಚಿತ್ರ ಕಲಿತರು. ಮುಂದೆ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅಧ್ಯಾಪಕರಾದರು. ತಮಗೆ ಸಲ್ಲಬೇಕಾಗಿದ್ದ ಬಡ್ತಿ ಆಂಗ್ಲೋ-ಇಂಡಿಯನ್ ಒಬ್ಬರ ಪಾಲಾದಾಗ ನೌಕರಿ ತೊರೆದು ಬೆಳಗಾವಿಗೆ ಮರಳಿದರು. ಮುಂಬೈಯಲ್ಲಿದ್ದಾಗಲೇ ಅವರು ಸೈಕಲ್‌ಗಳನ್ನು ಕಳುಹಿಸುತ್ತಿದ್ದರು. ಬೆಳಗಾವಿಯಲ್ಲಿ ಅವುಗಳ ಮಾರಾಟವನ್ನು ಅಣ್ಣ ರಾಮೂಅಣ್ಣ ನೋಡಿಕೊಳ್ಳುತ್ತಿದ್ದರು. ಈ ಶ್ರಮವಿಭಜನೆಯೇ ಮುಂದಿನ ಎಲ್ಲಕ್ಕೂ ಅಡಿಗಲ್ಲಾಯಿತು.

ಸೈಕಲ್‌ನಿಂದ ಅವರ ಗಮನ ಒಕ್ಕಲುತನದ ಉಪಕರಣಗಳತ್ತ ಹೊರಳಿತು. ಮೊದಲು ಮೇವು ಕತ್ತರಿಸುವ ಯಂತ್ರ, ಅನಂತರ ಕಬ್ಬಿಣದ ನೇಗಿಲು. ಯಂತ್ರಶಿಲ್ಪಿಯ ದೃಷ್ಟಿಯಲ್ಲಿ ನೇಗಿಲಿಗೆ ಕೊರತೆ ಇರಲಿಲ್ಲ. ಕೊಳ್ಳುವವರು ಮಾತ್ರ ಇರಲಿಲ್ಲ. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆ ಎಂಬ ನಂಬಿಕೆ ರೈತರಲ್ಲಿ ಬಲವಾಗಿತ್ತು. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತು. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಈ ಎರಡು ವರ್ಷಗಳು ನನಗೆ ಅವರ ಜೀವನದ ಅತ್ಯಂತ ಮಹತ್ವದ ಕಾಲವಾಗಿ ಕಾಣುತ್ತವೆ. ಒಳ್ಳೆಯ ವಸ್ತು ತನ್ನಷ್ಟಕ್ಕೆ ತಾನೇ ಮಾರಾಟವಾಗುವುದಿಲ್ಲ ಎಂಬುದು ಅವರಿಗೆ ಅನುಭವದಿಂದ ಮನದಟ್ಟಾಯಿತು.

ಅಷ್ಟರಲ್ಲಿ ಮತ್ತೊಂದು ಪೆಟ್ಟು ಬಿತ್ತು. ಕಾರ್ಖಾನೆಯ ಜಾಗವನ್ನು ತೆರವು ಮಾಡುವಂತೆ ಬೆಳಗಾವಿಯ ಪುರಸಭೆ ಸೂಚಿಸಿತು. ಆಗ ನೆರವಿಗೆ ಬಂದವರು ಔಂಧ್ ಸಂಸ್ಥಾನದ ಅರಸರಾದ ಬಾಳಾಸಾಹೇಬ ಪಂತ ಪ್ರತಿನಿಧಿ. ಅವರು ಕುಂಡಲ್ ರೋಡ್ ರೈಲು ನಿಲ್ದಾಣದ ಬಳಿ 32 ಎಕರೆ ಬರಡು ಭೂಮಿಯನ್ನೂ ಸಾಲದ ನೆರವನ್ನೂ ಒದಗಿಸಿದರು. 1910ರಲ್ಲಿ ಅಲ್ಲಿ ಕಿರ್ಲೋಸ್ಕರವಾಡಿ ತಲೆಯೆತ್ತಿತು. ಬೆಳಗಾವಿಗೆ ಉಳಿದದ್ದು ಕಿರ್ಲೋಸ್ಕರ್ ರಸ್ತೆ ಎಂಬ ಹೆಸರು. ಆಡಳಿತದ ಒಂದು ಸೂಚನೆ ಒಂದು ಊರಿನಿಂದ ಏನನ್ನು ಕಸಿಯಬಲ್ಲದು, ಇನ್ನೊಂದು ಊರಿಗೆ ಏನನ್ನು ಕೊಡಬಲ್ಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ವಾಡಿಯ ಕೆಲಸ ಹಂಚಿಕೆಯಾದ ರೀತಿಯನ್ನು ಗಮನಿಸಬೇಕು. ಊರಿನ ಯೋಜನೆ ಹಾಗೂ ಆಡಳಿತ ರಾಮೂಅಣ್ಣನವರದು. ಯಂತ್ರಗಳ ಹೊಣೆ ಶಂಭುರಾವ್ ಜಾಂಭೇಕರರದು. ಲೆಕ್ಕಪತ್ರ ಮಂಗೇಶರಾವ್ ರೇಗೆಯವರದು. ಓದನ್ನು ಅರ್ಧಕ್ಕೇ ಬಿಟ್ಟಿದ್ದ ಅನಂತರಾವ್ ಫಳಣೀಕರರಿಗೂ ತಾಂತ್ರಿಕ ಹೊಣೆ ದೊರೆಯಿತು. ಹಿಂದೆ ದರೋಡೆಕೋರರೆನಿಸಿಕೊಂಡಿದ್ದವರನ್ನೇ ಕಾವಲಿಗೆ ನೇಮಿಸಲಾಯಿತು. ಎಲ್ಲವನ್ನೂ ತಾನೇ ಮಾಡಬೇಕೆಂಬ ಹಟ ಕುಶಲಿಗಳ ದೊಡ್ಡ ದೌರ್ಬಲ್ಯ. ಲಕ್ಷ್ಮಣರಾವ್ ಅದನ್ನು ಗೆದ್ದರು. ಲೆಕ್ಕಿಗನಾಗಲು ಹೊರಡದೆ, ಲೆಕ್ಕ ಬಲ್ಲವರಿಗೆ ತಮ್ಮ ಕುಲುಮೆಯ ಪಕ್ಕದಲ್ಲೇ ಗೌರವದ ಸ್ಥಾನ ಕೊಟ್ಟರು.

ಮೊದಲ ಮಹಾಯುದ್ಧದ ಕಾಲದಲ್ಲಿ ಕಬ್ಬಿಣದ ಅಭಾವ ತಲೆದೋರಿದಾಗ ಕೊಲ್ಹಾಪುರ ಸಂಸ್ಥಾನದ ಹಳೆಯ ತೋಪುಗಳು ಅವರ ಕುಲುಮೆಯಲ್ಲಿ ಕರಗಿದವು. ಕಚ್ಚಾ ಸಾಮಗ್ರಿಯನ್ನು ಹೀಗೆ ಹುಡುಕಿ ತರುವುದೂ ವ್ಯವಹಾರ ಜ್ಞಾನವೇ. 1920ರಲ್ಲಿ ಕಿರ್ಲೋಸ್ಕರ್ ಬ್ರದರ್ಸ್ ಲಿಮಿಟೆಡ್ ನೋಂದಣಿಯಾಯಿತು. ಮನೆತನದ ದುಡಿಮೆಗೆ ಷೇರುದಾರರ ಬಂಡವಾಳವೂ ಕೂಡಿಕೊಂಡಿತು. ಅದೇ ವರ್ಷ ಅಣ್ಣನ ಮಗ ಶಂಕರರಾವ್ ಅವರ ಸಂಪಾದಕತ್ವದಲ್ಲಿ ‘ಕಿರ್ಲೋಸ್ಕರ್ ಖಬರ್’ ಹೊರಬಂತು. ಗ್ರಾಹಕರಿಗೆ ಕಾರ್ಖಾನೆಯ ಸುದ್ದಿ ತಲುಪಿಸಲು ಹುಟ್ಟಿದ ಆ ಪತ್ರಿಕೆ ಮರಾಠಿಯ ಪ್ರಮುಖ ಮಾಸಿಕವಾಗಿ ಬೆಳೆಯಿತು. ನೇಗಿಲಿನ ಜೊತೆಗೆ ಕಬ್ಬಿನ ಗಾಣ, ಶೇಂಗಾ ಸುಲಿಯುವ ಯಂತ್ರ, ನೀರೆತ್ತುವ ಪಂಪು ಬಂದವು. ಇವೆಲ್ಲ ರೈತನ ಅಗತ್ಯವನ್ನು ಅರಿತು ಮಾಡಿದ ವಸ್ತುಗಳು.

ಅವರು 1956ರ ಸೆಪ್ಟೆಂಬರ್ 26ರಂದು ನಿಧನರಾಗುವ ವೇಳೆಗೆ ಉದ್ಯಮ ಕನ್ನಡ ನಾಡಿಗೂ ಹಿಂದಿರುಗಿತ್ತು: 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್, 1946ರಲ್ಲಿ ಬೆಂಗಳೂರಿನಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್. ಲೇತ್ ಯಂತ್ರಗಳಿಗೆ ದೇಶದಲ್ಲೆಲ್ಲ ಹೆಸರಾಗಿದ್ದ ಹರಿಹರದ ಕಾರ್ಖಾನೆ ಈ ಶತಮಾನದ ಆರಂಭದಲ್ಲಿ ಮುಚ್ಚಿಹೋಯಿತು. ಸಮತೋಲನ ಒಮ್ಮೆ ಸಾಧಿಸಿ ಪೆಟ್ಟಿಗೆಯಲ್ಲಿಡುವ ಆಸ್ತಿಯಲ್ಲ. ಪ್ರತಿ ತಲೆಮಾರೂ ಅದನ್ನು ಹೊಸದಾಗಿ ಗಳಿಸಬೇಕು.

ಇದು ಇಂದಿಗೂ ಪ್ರಸ್ತುತ. ಬೆಳಗಾವಿಯ ಉದ್ಯಮಬಾಗದಲ್ಲಿ ಎರಕದ ಕಾರ್ಖಾನೆಗಳಿವೆ. ಹುಕ್ಕೇರಿ ತಾಲ್ಲೂಕಿನ ಹತ್ತರಗಿಯಲ್ಲಿ ವಿಮಾನದ ಬಿಡಿಭಾಗಗಳು ತಯಾರಾಗುತ್ತಿವೆ. ನಮ್ಮ ಹಳ್ಳಿಗಳ ಹುಡುಗರು ಅಲ್ಲಿ ಕೆಲಸ ಕಲಿತು ಸ್ವಂತ ಘಟಕ ತೆರೆಯಲು ಬಯಸಿದರೆ ಅದು ಸಂತೋಷದ ಸಂಗತಿಯೇ. ಆದರೆ ನಮ್ಮ ವ್ಯವಸ್ಥೆ ಯಂತ್ರ ಕೊಳ್ಳಲು ಸಾಲ ಕೊಡುವಷ್ಟು ಸುಲಭವಾಗಿ, ಮೊದಲ ಗಿರಾಕಿ ಬರುವವರೆಗೆ ಕಾಯಲು ಸಾಲ ಕೊಡುವುದಿಲ್ಲ. 2006ರ ಕಾಯ್ದೆಯ ಪ್ರಕಾರ ಸಣ್ಣ ಉದ್ಯಮಿಗೆ ಸಲ್ಲಬೇಕಾದ ಹಣ 45 ದಿನಗಳೊಳಗೆ ಸಲ್ಲಬೇಕು. ಆದರೆ ದೊಡ್ಡ ಗಿರಾಕಿಯ ವಿರುದ್ಧ ದೂರು ಕೊಟ್ಟರೆ ಮುಂದಿನ ಆರ್ಡರ್ ಕೈತಪ್ಪೀತೆಂಬ ಅಂಜಿಕೆಯಿಂದ ಸಣ್ಣವನು ಸುಮ್ಮನಿರುತ್ತಾನೆ.

ಔಂಧ್ ಅರಸರ ತಾಳ್ಮೆಯನ್ನು ಇಂದು ಬ್ಯಾಂಕುಗಳೂ ಸರ್ಕಾರವೂ ತೋರಬೇಕಾಗಿದೆ. ಘಟಕ ತೆರೆಯುವ ತರುಣರು ತಮ್ಮ ರಾಮೂಅಣ್ಣನನ್ನು, ತಮ್ಮ ರೇಗೆಯವರನ್ನು ಮೊದಲೇ ಹುಡುಕಿಕೊಳ್ಳಬೇಕಾಗಿದೆ. ಯಂತ್ರದ ಬೆಲೆಪಟ್ಟಿ ತರಿಸುವ ಮೊದಲು ಕೀರ್ದಿ ಬರೆಯುವವರು ಯಾರು, ಊರೂರು ತಿರುಗಿ ಮಾರುವವರು ಯಾರು ಎಂಬುದು ನಿಶ್ಚಯವಾಗಲಿ. ಕೌಶಲವುಳ್ಳ ಕೈಗಳಿಗೆ ನಮ್ಮ ಸೀಮೆಯಲ್ಲಿ ಎಂದೂ ಬರವಿರಲಿಲ್ಲ.